ಡ್ರೈವರ್ ಊಟ

ಚಂದ್ರಹಾಸ ಬೇಡವೆಂದು ಕೈ ಅಡ್ಡ ಹಿಡಿಯುವ ಮೊದಲೇ ಹೂವಪ್ಪ ಅವನ ಅನ್ನದ ಮೇಲೆ ಇನ್ನೊಂದು ಚಮಚ ತುಪ್ಪ ಸುರಿದುಬಿಟ್ಟ. "ನಿಮಗಲ್ದೆ ಇನ್ಯಾರಿಗೆ ಹಾಕ್ಲಿ ಸಾರ್" ಎಂದು ಬೇರೆ ಹೇಳಿದ, ಪಕ್ಕದ ಟೇಬಲ್ಲಿನವರೂ ತಿರುಗಿ ನೋಡುವ ಹಾಗೆ. ಎದುರು ಕೂತಿದ್ದ ವಿಶ್ವಾರಾಧ್ಯರ ತಟ್ಟೆಗೆ ಬಿದ್ದದ್ದು ಒಂದೇ ಚಮಚ, ಅದೂ ತುಂಬಿರಲಿಲ್ಲ. ಅವರು ತಮ್ಮ ಅನ್ನವನ್ನೂ ಚಂದ್ರಹಾಸನ ಅನ್ನವನ್ನೂ ಒಮ್ಮೆ ನೋಡಿ, ಏನೂ ಅನ್ನದೆ ಸಾರು ಕಲಸಿಕೊಂಡರು. ನೋಡದೆ ಬಿಡುವ ಆಸಾಮಿಯಲ್ಲ ಅವರು. ಬೆಂಗಳೂರಿನ ಟ್ರ್ಯಾಕ್ಟರ್ ಕಂಪನಿಯಿಂದ ಆಡಿಟ್‌ಗೆ ಬಂದವರು, ಬೆಳಿಗ್ಗೆಯಿಂದ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಬೆಂಕಿ ಆರಿಸುವ ಸಿಲಿಂಡರಿನ ಚೀಟಿಯಿಂದ ಹಿಡಿದು ಪಾಯಖಾನೆಯ ಗೋಡೆಯ ಸೂಚನೆಯವರೆಗೆ ಪ್ರತಿಯೊಂದನ್ನೂ ಕನ್ನಡಕ ಹಣೆಗೇರಿಸಿ ಓದಿದ್ದರು. ಅವರು ಸರಿಯಿದೆ ಎಂದು ಬರೆದರೆ ಫೌಂಡ್ರಿಗೆ ವರ್ಷಗಟ್ಟಲೆ ಕೆಲಸ. ಇಲ್ಲವಾದರೆ ಕ್ವಾಲಿಟಿ ವಿಭಾಗದ ಮುಖ್ಯಸ್ಥನಾದ ಚಂದ್ರಹಾಸನ ತಲೆಯೇ ಮೊದಲು ಉರುಳುವುದು. ಅಂಥ ದಿನ ಅಂಥವರನ್ನು ಊಟಕ್ಕೆಂದು ಭದ್ರಾವತಿಯ ಈ ಏಸಿ ಹಾಲಿಗೆ ಕರೆತಂದರೆ ಈ ಹೂವಪ್ಪ ತುಪ್ಪದಲ್ಲಿ ಭೇದ ಮಾಡಿದ್ದ. ಏಸಿಯ ತಣ್ಣನೆ ಗಾಳಿಗೆ ತುಪ್ಪ ತಟ್ಟೆಯ ಅಂಚಿನಲ್ಲಿ ಆಗಲೇ ಬೆಳ್ಳಗೆ ಗಟ್ಟಿಯಾಗತೊಡಗಿತ್ತು. ಚಂದ್ರಹಾಸ ಅದನ್ನು ಬೆರಳಲ್ಲಿ ಅನ್ನಕ್ಕೆ ಎಳೆದುಕೊಂಡ. ಕಲಸಿಕೊಂಡು ತಿಂದ.

ಆ ತುಪ್ಪ ಅವನಿಗೆ ಇಷ್ಟವಿರಲಿಲ್ಲ ಎಂದರೆ ಅದು ಸುಳ್ಳು. ಬಾಗಿಲು ತಳ್ಳಿ ಒಳಗೆ ಬಂದೊಡನೆ "ಬನ್ನಿ ಚಂದ್ರಹಾಸ್ ಸಾರ್, ನಿಮ್ ಟೇಬಲ್ ಖಾಲಿ ಇದೆ" ಎಂಬ ಕೂಗು ಕೇಳಿದಾಗ, ಜೊತೆಗಿರುವ ಅತಿಥಿ ಇವನ ಕಡೆ ಸ್ವಲ್ಪ ಬೇರೆ ಥರ ನೋಡಿದಾಗ, ಎದೆಯೊಳಗೆ ಒಂದು ಕೊಬ್ಬು ಕರಗುವುದು ಅವನಿಗೆ ಗೊತ್ತಿತ್ತು. ಹೂವಪ್ಪನನ್ನು ನೋಡಿದರೆ ಮಾತ್ರ ಅಸಹ್ಯ. ಕಿವಿಯ ಪಕ್ಕ ಬೆವರಿಗೆ ಇಳಿದ ಕೂದಲಿನ ಬಣ್ಣ, ಸೊಂಟಕ್ಕೆ ಸಿಕ್ಕಿಸಿದ ಒದ್ದೆ ಬಟ್ಟೆ, ಬಗ್ಗಿದಾಗ ಬರುವ ಸೋಪು ಮತ್ತು ಈರುಳ್ಳಿಯ ಕೂಡುವಾಸನೆ, ಮೇಲಿಂದ ಆ ನಗು. ತನಗಿಂತ ಹದಿನೈದು ವರ್ಷವಾದರೂ ದೊಡ್ಡವನು, ತಾನು ಅವನನ್ನು ಏಕವಚನದಲ್ಲಿ ಕರೆಯುತ್ತೇನೆ, ಅವನು ತನ್ನನ್ನು ಸಾರ್ ಎನ್ನುತ್ತಾನೆ. ಆ ಸಾರ್‌ಗೆ ತಾನು ಬೆಲೆ ಕೊಟ್ಟಿದ್ದೇನೆ ಎನ್ನುವುದು ಇಬ್ಬರಿಗೂ ಗೊತ್ತು. ಗೊತ್ತಿದ್ದೂ ಎಷ್ಟು ಚೆನ್ನಾಗಿ ನಗುತ್ತಾನೆ ಬಡ್ಡೀಮಗ. ಇಂಥ ನಗುವಿನ ಭಯ ಚಂದ್ರಹಾಸನಿಗೆ ಹಳೆಯದು. ಮದುವೆಯಾದ ಹೊಸದರಲ್ಲಿ ಹೆಂಡತಿ ಮೈತ್ರಿಯನ್ನು ಕರೆದುಕೊಂಡು ಗಾಂಧಿ ಬಜಾರಿನಲ್ಲಿ ಸೀರೆ ಕೊಂಡು, ಅಲ್ಲೇ ಒಂದು ಹೋಟೆಲಿನಲ್ಲಿ ಮಸಾಲೆದೋಸೆ ತಿಂದಿದ್ದ. ಬಿಲ್ಲು ಕೊಟ್ಟು, ಚಿಲ್ಲರೆಯನ್ನೆಲ್ಲ ಗೋರಿಕೊಂಡು ಎದ್ದಾಗ ಅಲ್ಲಿನ ಸಪ್ಲೈಯರ್ ಖಾಲಿ ತಟ್ಟೆಯನ್ನು ಎತ್ತಿ ಹಿಡಿದು, "ಪರವಾಗಿಲ್ಲ ಬಿಡಿ ಸಾರ್, ಮೇಡಂಗೆ ಇನ್ನೊಂದ್ಸಲ ಏನಾದ್ರೂ ಕೊಡಿಸಿ" ಎಂದಿದ್ದ. ನಗುನಗುತ್ತಲೇ. ಮೈತ್ರಿ ಪರ್ಸಿನಿಂದ ನೋಟೊಂದನ್ನು ತೆಗೆದು ತಟ್ಟೆಯಲ್ಲಿ ಹಾಕಿ ಗಂಡನ ಮುಖ ನೋಡದೆ ನಡೆದಿದ್ದಳು. ಅವಳು ಅದನ್ನು ಆಮೇಲೆ ಎಂದೂ ಎತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ವಾಸಿಯಿತ್ತು. ಅಂದಿನಿಂದ ಹೋಟೆಲಿನಲ್ಲಿ ಬಿಲ್ಲು ಬರುವ ಹೊತ್ತಿಗೆ ಅವನ ಅಂಗೈ ಬೆವರುತ್ತದೆ. ಕಡಿಮೆ ಇಟ್ಟರೆ ಜುಗ್ಗ, ಜಾಸ್ತಿ ಇಟ್ಟರೆ ಪೆದ್ದ, ಇಡುವಾಗ ಯಾರಾದರೂ ನೋಡಿದರೆ ಒಂದು ಸಂಕಟ, ನೋಡದಿದ್ದರೆ ಇಟ್ಟದ್ದೇ ದಂಡ. ಮನುಷ್ಯ ಉಂಡೆದ್ದು ನೆಮ್ಮದಿಯಾಗಿ ತೇಗುವುದಕ್ಕೂ ಈ ಊರಿನಲ್ಲಿ ಧೈರ್ಯ ಬೇಕು.

"ಎಸ್ಟಾಬ್ಲಿಷ್‌ಮೆಂಟ್ ಚೆನ್ನಾಗಿದೆ" ಎಂದರು ವಿಶ್ವಾರಾಧ್ಯ, ಪಲ್ಯವನ್ನು ಬೆರಳ ತುದಿಯಲ್ಲಿ ಬಿಡಿಸುತ್ತ. "ನಿಮ್ಮನ್ನ ಇಲ್ಲಿ ಚೆನ್ನಾಗಿ ನೋಡ್ಕೊಳ್ತಾರೆ."

"ಆಗಾಗ ಗೆಸ್ಟ್ ಕರ್ಕೊಂಡು ಬರ್ತಿರ್ತೀನಲ್ಲ ಸಾರ್, ಮುಖಪರಿಚಯ."

"ಟಿಪ್ಸ್ ಕೊಡ್ತೀರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಚಂದ್ರಹಾಸನ ಕೈ ಅಂಗಿಯ ಜೇಬಿಗೆ ಹೋಯಿತು. "ಏನೋ ಸಾರ್, ಸ್ವಲ್ಪ. ಎಲ್ರೂ ಮಾಡೋ ಹಾಗೆ" ಎಂದ.

"ನಾನು ಕೊಡಲ್ಲ. ಜಿಪುಣತನ ಅಲ್ಲ, ಪ್ರಿನ್ಸಿಪಲ್. ಟಿಪ್ಸ್ ಅನ್ನೋದು ಲಂಚದ ತಮ್ಮ ಕಣ್ರೀ. ಅಣ್ಣ ಮೇಜಿನ ಕೆಳಗೆ ಬರ್ತಾನೆ, ತಮ್ಮ ಮೇಜಿನ ಮೇಲೇ ಬರ್ತಾನೆ, ಅಷ್ಟೇ ವ್ಯತ್ಯಾಸ."

ನೀರಿನ ಜಗ್ಗು ಹಿಡಿದು ಹೂವಪ್ಪ ಅಲ್ಲೇ ನಿಂತಿದ್ದ. ಚಂದ್ರಹಾಸ ಗಟ್ಟಿಯಾಗಿ ನಕ್ಕು, "ಕರೆಕ್ಟಾಗಿ ಹೇಳಿದ್ರಿ ಸಾರ್" ಎಂದ. ಬೇಕಾದ್ದಕ್ಕಿಂತ ಗಟ್ಟಿಯಾಗಿ ನಕ್ಕೆ ಎನಿಸಿತು. ಹೂವಪ್ಪನೂ ನಕ್ಕು ಲೋಟಕ್ಕೆ ನೀರು ಹಾಕಿ ಹೋದ. ಫೌಂಡ್ರಿಯ ಮಾಲೀಕ ಯೋಗರಾಜ್ ಹೇಳುವುದೂ ಇದನ್ನೇ, ಬೇರೆ ಮಾತಿನಲ್ಲಿ. ಅತಿಥಿಗಳ ಊಟದ ಬಿಲ್ಲಿನ ಜೊತೆ ಸಪ್ಲೈಯರಿಗೆ ಕೊಟ್ಟದ್ದನ್ನೂ ಸೇರಿಸಿ ಬರೆದ ಮೊದಲ ತಿಂಗಳೇ ಅವನನ್ನು ಕ್ಯಾಬಿನ್ನಿಗೆ ಕರೆಸಿ, ಆ ಸಾಲಿನ ಮೇಲೆ ಬೆರಳಿಟ್ಟು, "ಇದೇನ್ ಮಾರಾಯ? ನಮ್ಮ ಮೌಲ್ಡರ್ ಬೆಂಕಿ ಮುಂದೆ ನಿಂತು ಎರಕ ಹುಯ್ತಾನಲ್ಲ, ಅವನಿಗೆ ಯಾವ ಕಸ್ಟಮರ್ ಬಂದು ಟಿಪ್ಸ್ ಕೊಟ್ಟಿದ್ದಾನೆ? ನಿಂಗೆ ಧರ್ಮ ಮಾಡೋ ಆಸೆ ಇದ್ರೆ ನಿನ್ನ ಜೇಬಿಂದ ಮಾಡು" ಎಂದಿದ್ದ. ಅಲ್ಲಿ ಅಕೌಂಟ್ಸ್ ಹುಡುಗಿಯೂ ನಿಂತಿದ್ದಳು. ಅವಳು ಕಿಟಕಿಯ ಕಡೆ ನೋಡಿದ್ದು ಚಂದ್ರಹಾಸನಿಗೆ ಇನ್ನೂ ನೆನಪಿದೆ. ಆಮೇಲೆ ಕೆಲವು ತಿಂಗಳು ಜೇಬಿನಿಂದಲೇ ಹಾಕಿದ. ವಾರಕ್ಕೊಬ್ಬ ಅತಿಥಿ, ವಿನೋಬನಗರದ ಮನೆಯ ಬಾಡಿಗೆ, ಮಗಳ ಫೀಸು. ಹಾಕುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು, ಹಾಕದೆ ಏಳುವ ಧೈರ್ಯ ಬರುತ್ತಿರಲಿಲ್ಲ. ಒಂದು ದಿನ ಸೋಂಪಿನ ತಟ್ಟೆಯಲ್ಲಿ ಬರಿಯ ಬಿಲ್ಲಿನ ಹಣವಿಟ್ಟು ಕೂತೇ ಇದ್ದಾಗ ಹೂವಪ್ಪನೇ ಬಗ್ಗಿ, ಅದೇ ಸೋಪು ಈರುಳ್ಳಿಯ ವಾಸನೆ ಬರುವಷ್ಟು ಹತ್ತಿರ ಬಗ್ಗಿ, "ಯಾಕ್ ಸಾರ್ ನಿಮ್ ಕೈಯಿಂದ ಹಾಕ್ತೀರಾ? ಡ್ರೈವರ್ ಊಟ ಅಂತ ಒಂದು ಸೇರಿಸ್ಲಾ? ಕಂಪನಿ ಕೊಡುತ್ತೆ, ನಾನು ಪಾರ್ಸಲ್ ಕಟ್ಕೊಂಡು ಮನೆಗೆ ಒಯ್ತೀನಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ" ಎಂದಿದ್ದ. ಚಂದ್ರಹಾಸ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಕಣ್ಣು ಮಿಟುಕಿಸಿರಬಹುದು. ಅಂದಿನಿಂದ ಕಂಪನಿಯ ಕಾರು ಓಡಿಸುವ ಸೊಹೇಲ್, ಮನೆಯಿಂದ ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಕಾರಿನಲ್ಲೇ ಕೂತು ತಿನ್ನುವ ಸೊಹೇಲ್, ಕಾಗದದಲ್ಲಿ ವಾರಕ್ಕೊಂದು ಸ್ಪೆಷಲ್ ಮೀಲ್ಸ್ ಉಣ್ಣತೊಡಗಿದ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ತುಪ್ಪದ ಎರಡನೇ ಚಮಚ ಶುರುವಾದದ್ದು ಆಗಲೇ.

ಹೋಳಿಗೆ ಬಂತು, ಮೊಸರು ಬಂತು. ವಿಶ್ವಾರಾಧ್ಯ ಮೊಸರನ್ನೂ ಒಮ್ಮೆ ಮೂಸಿಯೇ ಹಾಕಿಸಿಕೊಂಡರು. ಚಂದ್ರಹಾಸನ ಮನಸ್ಸು ಬೆಳಿಗ್ಗೆಯ ಕಡತಗಳಲ್ಲಿತ್ತು. ತಪಾಸಣೆಯ ದಾಖಲೆಯೊಂದರಲ್ಲಿ ತಪ್ಪಿಹೋದ ಒಂದು ಸಹಿ, ಅದನ್ನು ಅವರು ಕಂಡರೋ ಇಲ್ಲವೋ, ಕಂಡೂ ಸುಮ್ಮನಿದ್ದಾರೋ. ಹೂವಪ್ಪ ದೂರದಿಂದ ಹುಬ್ಬೇರಿಸಿದ. ಬಿಲ್ಲು ತರಲೇ, ಎಂದಿನ ಹಾಗೆಯೇ, ಎಂದು ಆ ಹುಬ್ಬಿನ ಅರ್ಥ. ಚಂದ್ರಹಾಸ ಎಂದಿನ ಹಾಗೆಯೇ ತಲೆ ಆಡಿಸಿದ. ಬರುವಾಗ ಕಾರಿನಲ್ಲಿ ವಿಶ್ವಾರಾಧ್ಯ ತಮ್ಮ ಚೀಲದಿಂದ ಕಡಲೆಮಿಠಾಯಿ ತೆಗೆದು ಸೊಹೇಲನಿಗೂ ಒಂದು ಚಾಚಿದ್ದು, ಅವನು ಕನ್ನಡಿಯಲ್ಲೇ ನಕ್ಕು "ರೋಜಾ ಇದೆ ಸಾರ್, ಸಂಜೆವರೆಗೂ ಏನೂ ಇಲ್ಲ" ಎಂದದ್ದು, ನೀರೂ ಕುಡಿಯೋಲ್ವೇನಪ್ಪ ಈ ಬಿಸಿಲಲ್ಲಿ ಎಂದು ಅವರು ಕೇಳಿದ್ದು, ಎಂಜಲೂ ನುಂಗಬಾರದಾ ಎಂದು ಮತ್ತೂ ಕೇಳಿದ್ದು, ಅಷ್ಟೂ ಚಂದ್ರಹಾಸನ ಕಿವಿಗೆ ಬಿದ್ದಿತ್ತು. ಆಗ ಅವನು ಫೋನಿನಲ್ಲಿ ಯೋಗರಾಜನಿಗೆ ಎಲ್ಲ ಚೆನ್ನಾಗಿ ಹೋಗ್ತಿದೆ ಸಾರ್ ಎಂದು ಹೇಳುತ್ತಿದ್ದ. ಕಿವಿಗೆ ಬಿದ್ದದ್ದು ತಲೆಗೆ ಇಳಿಯಲಿಲ್ಲ.

ಬಿಲ್ಲಿದ್ದ ತಟ್ಟೆಯನ್ನು ಹೂವಪ್ಪ ಚಂದ್ರಹಾಸನ ಮುಂದೆಯೇ ಇಟ್ಟ. ಸೋಂಪು ಎತ್ತಿಕೊಳ್ಳಲು ಚಾಚಿದ ವಿಶ್ವಾರಾಧ್ಯರ ಕೈ ಸೋಂಪಿನ ಜೊತೆ ಬಿಲ್ಲನ್ನೂ ಎತ್ತಿಕೊಂಡಿತು. "ಕೊಡೋದು ನೀವೇ, ನಾನು ಸುಮ್ನೆ ನೋಡ್ತೀನಿ, ಅಭ್ಯಾಸ" ಎಂದು ಕನ್ನಡಕ ಹಣೆಗೇರಿಸಿದರು. ಜಗಿಯುವುದು ನಿಂತಿತು.

"ಮೂರು ಊಟ ಹಾಕಿದ್ದಾರಲ್ರೀ."

ಗಂಟಲಲ್ಲಿ ಬಿಸಿತುಪ್ಪ ಎನ್ನುತ್ತಾರೆ. ಚಂದ್ರಹಾಸನಿಗೆ ನಿಜವಾಗಿಯೂ ತುಪ್ಪವೇ ಮೇಲೆ ಬಂದ ಹಾಗಾಯಿತು. ಒಂದು ಮಾತು ಸಾಕಿತ್ತು. ಅದು ನಾನೇ ಹಾಕಿಸಿದ್ದು ಸಾರ್, ಇವನಿಗೆ ಅಂತ. ಆ ಮಾತು ನಾಲಗೆಯ ಮೇಲೆ ಬಂದು ಕೂತಿತ್ತು, ಅದರ ರುಚಿಯೂ ಗೊತ್ತಾಗುತ್ತಿತ್ತು. ಆದರೆ ಮಾತಿನ ಹಿಂದೆಯೇ ಯೋಗರಾಜನ ಬೆರಳು ಕಂಡಿತು, ಕಿಟಕಿಯ ಕಡೆ ತಿರುಗಿದ ಆ ಹುಡುಗಿ ಕಂಡಳು, ಲಂಚದ ತಮ್ಮ ಕಂಡ. ಅವನು ಮಾಡಿದ್ದೇನೆಂದರೆ, ಮುಖ ಗಂಟಿಕ್ಕಿ ಹೂವಪ್ಪನ ಕಡೆ ತಿರುಗಿ, "ಏನಿದು?" ಎಂದ.

ಹೂವಪ್ಪ ಮೊದಲು ನಕ್ಕ. ಇದು ಸಾರ್ ಆಡುವ ಆಟವಿರಬಹುದು, ಅತಿಥಿಯ ಮುಂದೆ ಹೀಗೆ ಆಡಬೇಕಿರಬಹುದು ಎಂದುಕೊಂಡವನ ಹಾಗೆ ಧೈರ್ಯವಾಗಿ, "ಡ್ರೈವರ್ ಊಟ ಅಲ್ವಾ ಸಾರ್. ಆ ಕಡೆ ಹಾಲಲ್ಲಿ ಮಾಡಿದ್ರು. ನಾನೇ ಬಡಿಸ್ದೆ" ಎಂದ.

"ಯಾರು, ನಮ್ಮ ಸೊಹೇಲಾ? ನೀನೇ ಬಡಿಸಿದ್ಯಾ?" ವಿಶ್ವಾರಾಧ್ಯರ ಮುಖದ ಮೇಲೆ ಕೋಪವಿರಲಿಲ್ಲ, ಬೆಳಿಗ್ಗೆಯಿಂದ ಹುಡುಕುತ್ತಿದ್ದದ್ದು ಕೊನೆಗೂ ಸಿಕ್ಕವರ ಕಳೆಯಿತ್ತು. "ಅವನು ಉಪವಾಸ ಇದ್ದಾನಲ್ಲಪ್ಪ. ಕದ್ದು ತಿಂದ್ನೋ? ಕರೀರಿ ನೋಡೋಣ, ಡೌಟ್ ಯಾಕೆ."

ಬೇಡ ಬಿಡಿ ಸಾರ್ ಎಂದು ಚಂದ್ರಹಾಸ ಎದ್ದ, ಕೂತ. ಅಷ್ಟರಲ್ಲಿ ಯಾರೋ ಕರೆದೇಬಿಟ್ಟಿದ್ದರು. ಸೊಹೇಲ್ ನಮಾಜು ಮುಗಿಸಿ ಆಗಷ್ಟೇ ಬಂದಿದ್ದ. ಮೊಣಕೈಯವರೆಗೆ ಮಡಿಸಿದ ತೋಳು ಇನ್ನೂ ಒದ್ದೆಯಿತ್ತು, ತುಟಿ ಒಣಗಿ ಬಿಳಿಚಿತ್ತು. ಉಣ್ಣುತ್ತಿದ್ದವರ ನಡುವೆ, ಹೋಳಿಗೆಯ ವಾಸನೆಯ ನಡುವೆ ಅವನನ್ನು ನಿಲ್ಲಿಸಿಕೊಂಡು ವಿಶ್ವಾರಾಧ್ಯ ಕೇಳಿದರು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಕೆಂಪಾಯಿತು. "ನೀರೂ ಕುಡಿದಿಲ್ಲ ಸಾರ್ ನಾನು. ಈ ಬಾಗ್ಲೊಳಗೆ ಕಾಲಿಟ್ಟಿದ್ದೇ ಈಗ" ಎಂದ. ಆಮೇಲೆ ಹೂವಪ್ಪನನ್ನು ನೋಡದೆ, ನೇರ ಚಂದ್ರಹಾಸನನ್ನು ನೋಡಿದ. ಚಂದ್ರಹಾಸ ಕೈ ತೊಳೆಯಲು ಎದ್ದು ಹೋದ. ನಲ್ಲಿಯಡಿ ಬೆರಳುಗಳನ್ನು ಉಜ್ಜಿದ, ಸೋಪು ಹಾಕಿ ಮತ್ತೆ ಉಜ್ಜಿದ. ಜಿಡ್ಡು ಹೋಗಲೇ ಇಲ್ಲ. ಕನ್ನಡಿಯಲ್ಲಿ ಗಲ್ಲದ ಮೇಲೆ ಒಂದು ಅನ್ನದ ಅಗುಳು ಕಂಡಿತು. ಇಷ್ಟು ಹೊತ್ತೂ ಅದು ಅಲ್ಲೇ ಇತ್ತು, ಯಾರೂ ಹೇಳಿರಲಿಲ್ಲ. ಥೂ, ನಿನ್ನ ಮುಖಕ್ಕಿಷ್ಟು ಎಂದುಕೊಂಡ. ವಾಪಸು ಬರುವ ಹೊತ್ತಿಗೆ ಎಲ್ಲ ಮುಗಿದುಹೋಗಿದ್ದರೆ ಸಾಕು ಎಂದು ಬೇಕೆಂದೇ ತಡ ಮಾಡಿದ.

ಮುಗಿದಿರಲಿಲ್ಲ. ಗಲ್ಲಾದಿಂದ ಧರ್ಮೇಂದ್ರ ಎದ್ದು ಬಂದಿದ್ದ. ಹೋಟೆಲು ಅವನ ಭಾವನದು, ನಡೆಸುವವನು ಇವನು. ಹಣೆಯ ಮೇಲೆ ಅಗಲ ಕುಂಕುಮ, ಕೈಯಲ್ಲಿ ಯಾವಾಗಲೂ ಪೆನ್ನು. ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲಿಂದ ಒಂದು ಪಾರ್ಸಲ್ ತಂದು ವಿಶ್ವಾರಾಧ್ಯರ ಎದುರು ಮೇಜಿನ ಮೇಲೆ ಬಿಚ್ಚಿದ್ದ. ಬಾಳೆಲೆಯಲ್ಲಿ ಅನ್ನ, ದಾರ ಸುತ್ತಿದ ಪ್ಲಾಸ್ಟಿಕ್ ಚೀಲದಲ್ಲಿ ಸಾರು, ಇನ್ನೊಂದರಲ್ಲಿ ಮಜ್ಜಿಗೆಹುಳಿ, ಪೇಪರಿನಲ್ಲಿ ಮಡಿಸಿದ ಒಂದು ಹೋಳಿಗೆ, ಅದರ ಮೇಲೆ ಒಂದು ಚಮಚದಷ್ಟು ತುಪ್ಪ, ಅದೂ ಗಟ್ಟಿಯಾಗಿತ್ತು. ಸುತ್ತಲಿನ ಟೇಬಲ್ಲಿನವರು ಉಣ್ಣುತ್ತಲೇ ಕತ್ತು ಚಾಚಿ ನೋಡಿದರು. ಬೇರೆಯವರ ಮನೆಯ ಊಟವನ್ನು ಬೀದಿಯಲ್ಲಿ ಬಿಚ್ಚಿಟ್ಟ ಹಾಗಿತ್ತು.

"ಯಾರಿಗಯ್ಯ ಇದು?" ಎಂದ ಧರ್ಮೇಂದ್ರ.

"ಮನೆಗೆ" ಎಂದ ಹೂವಪ್ಪ.

"ಗಿರಾಕಿ ಬಿಲ್ಲಲ್ಲಿ ಇಲ್ಲದ ಊಟ ಬರೆದು ಮನೆಗೆ ಹೊರ್ತಿದ್ಯಾ? ಎಷ್ಟ್ ದಿನದಿಂದ?" ಹೂವಪ್ಪ ಸೊಂಟದ ಬಟ್ಟೆಯನ್ನು ಕೈಗೆ ತೆಗೆದುಕೊಂಡ. ಧರ್ಮೇಂದ್ರ ಚಂದ್ರಹಾಸನ ಕಡೆ ತಿರುಗಿ ದನಿ ಮೆತ್ತಗೆ ಮಾಡಿದ. "ಸಾರ್, ನೀವು ರೆಗ್ಯುಲರ್ ಬರೋರು. ನೀವೇ ಹೇಳಿ. ಇದು ನಿಮಗೆ ಗೊತ್ತಿದ್ದೇ ನಡೆದಿದ್ರೆ ನಂದೇನಿಲ್ಲ, ನಿಮ್ ದುಡ್ಡು ನಿಮ್ ಇಷ್ಟ. ಗೊತ್ತಿಲ್ದೆ ಹಾಕಿದ್ರೆ ಇವತ್ತೇ ಇವನ್ನ ಮನೆಗೆ ಕಳಿಸ್ತೀನಿ. ಹೋಟ್ಲು ಹೆಸರಿನ ಪ್ರಶ್ನೆ."

ಎಲ್ಲರೂ ಚಂದ್ರಹಾಸನನ್ನು ನೋಡಿದರು. ವಿಶ್ವಾರಾಧ್ಯ ಹಲ್ಲಿನ ಸಂದಿಯಿಂದ ಸೋಂಪು ತೆಗೆಯುತ್ತ ನೋಡಿದರು. ಸೊಹೇಲ್ ಬಾಗಿಲ ಹತ್ತಿರದಿಂದ ನೋಡಿದ. ಹೂವಪ್ಪ ಮಾತ್ರ ತನ್ನ ಒದ್ದೆ ಬಟ್ಟೆಯಲ್ಲಿ ಮೇಜಿನ ಮೇಲೆ ಚೆಲ್ಲಿದ್ದ ಸಾರಿನ ಹನಿಯನ್ನು ಒರೆಸುತ್ತಿದ್ದ. ಚಂದ್ರಹಾಸನಿಗೆ ಆ ಕ್ಷಣ ಅವನ ಮೇಲೆ ಬಂದದ್ದು ಕನಿಕರವಲ್ಲ, ಸಿಟ್ಟು. ಈ ಪ್ರಾಣಿ ರೋಜಾ ಇರುವುದನ್ನು ನೋಡಿಕೊಳ್ಳಬಾರದಿತ್ತೇ? ಮಸೀದಿ ಎದುರಿಗೇ ಇದೆ, ಊರೆಲ್ಲ ಸಮೋಸ ಖರ್ಜೂರದ ಗಾಡಿಗಳು ನಿಂತಿವೆ, ಕಣ್ಣು ಕುರುಡೇ? ತುಪ್ಪದಲ್ಲಿ ಆ ಮೆರೆದಾಟ ಏಕೆ ಬೇಕಿತ್ತು? ಹೀಗೆ ಯೋಚಿಸುತ್ತಲೇ, ತಲೆ ಆಡಿಸಿದವನು ತಾನೇ, ಕಾರಿನಲ್ಲಿ ಆ ಮಾತು ಕೇಳಿದವನು ತಾನೇ ಎನ್ನುವುದೂ ಹೊಳೆಯುತ್ತಿತ್ತು. ಹೊಳೆದದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

"ನಾನು ಬಿಲ್ ನೋಡಲ್ಲ. ನಂಬಿಕೆ ಮೇಲೆ ಕೊಡ್ತಾ ಇದ್ದೆ" ಎಂದ ಚಂದ್ರಹಾಸ.

ಹೂವಪ್ಪ ಒರೆಸುವುದನ್ನು ನಿಲ್ಲಿಸಿದ. ಒಂದು ಸಲ ಇವನ ಮುಖ ನೋಡಿ, ಪಾರ್ಸಲನ್ನು ಮತ್ತೆ ಮಡಿಸತೊಡಗಿದ. "ತಪ್ಪಾಯ್ತು ಸಾರ್" ಎಂದ, ಯಾರಿಗೆಂದು ಇಲ್ಲದೆ.

"ಪಾಪ, ಬಿಡ್ರೀ, ಇಷ್ಟಕ್ಕೆಲ್ಲ" ಎಂದು ವಿಶ್ವಾರಾಧ್ಯ ದೊಡ್ಡ ಮನಸ್ಸು ಮಾಡಿದರು. ಬಿಲ್ಲನ್ನು ಮಾತ್ರ ತಿದ್ದಿಸಿಯೇ ಎದ್ದರು.

ಫೌಂಡ್ರಿಗೆ ಹಿಂದಿರುಗುವ ದಾರಿಯುದ್ದಕ್ಕೂ ಅವರು ಉಲ್ಲಾಸದಿಂದಿದ್ದರು. ಇಂಥದೇ ಕಳ್ಳತನ ಹಿಡಿದ ಹಿಂದಿನ ಕತೆಗಳನ್ನು ಒಂದರ ಹಿಂದೊಂದು ಹೇಳಿದರು. ಚಂದ್ರಹಾಸ ಹೌದಾ ಸಾರ್, ಅಬ್ಬಾ ಸಾರ್ ಎನ್ನುತ್ತಿದ್ದ. ಅವರನ್ನು ಆಫೀಸಿನ ಬಾಗಿಲಲ್ಲಿ ಇಳಿಸಿ, ಅವರು ಒಳಗೆ ಹೋದ ಮೇಲೂ ಸೊಹೇಲ್ ಇಂಜಿನ್ ಆರಿಸದೆ ಕೂತಿದ್ದ. ಚಂದ್ರಹಾಸ ಇಳಿಯಲು ಬಾಗಿಲಿಗೆ ಕೈ ಹಾಕಿದಾಗ ಕನ್ನಡಿಯಲ್ಲೇ ಮಾತಾಡಿದ.

"ಒಂದ್ ಮಾತ್ ಕೇಳ್ಲಾ ಸಾರ್? ಇಷ್ಟ್ ದಿನ ನನ್ನ ಹೆಸರಲ್ಲಿ ಉಣ್ತಿದ್ದಿದ್ದು ಯಾರು?"

"ಅದು ಆ ಹೋಟ್ಲೋರ ಕೆಲಸ ಮಾರಾಯ. ನಂಗೇನ್ ಗೊತ್ತು."

"ಬೇರೆ ತಿಂಗಳಾಗಿದ್ರೆ ನಗ್ತಿದ್ದೆ ಸಾರ್. ರಂಜಾನಲ್ಲಿ ನನ್ನನ್ನ ಊಟದ ಮಧ್ಯ ನಿಲ್ಲಿಸಿ, ತಿಂದ್ಯಾ ಅಂತ ಕೇಳಿಸಿದ್ರಲ್ಲ. ನೀವು ಬಾಯಿ ಬಿಡ್ಲಿಲ್ಲ. ನನ್ ಜೊತೆ ಕಾರಲ್ಲೇ ಬಂದೋರು ನೀವು, ನಿಮಗೆ ಗೊತ್ತಿತ್ತು." ಸೊಹೇಲ್ ಇಂಜಿನ್ ಆರಿಸಿ ಕೀಲಿಯನ್ನು ಇವನ ಕಡೆ ಚಾಚಿದ. "ಸಂಜೆ ನಾನು ಬೇಗ ಹೋಗ್ತೀನಿ ಸಾರ್. ಮನೇಲಿ ಕಾಯ್ತಾರೆ."

ಮಧ್ಯಾಹ್ನದ ಮೇಲೆ ಆಡಿಟ್ ಸಲೀಸಾಗಿ ಮುಗಿಯಿತು. ತಪ್ಪಿಹೋದ ಸಹಿಯನ್ನು ವಿಶ್ವಾರಾಧ್ಯ ಕಂಡರು, ನಕ್ಕು, ಇದನ್ನ ಇವತ್ತೇ ಹಾಕಿಸಿಬಿಡಿ ಎಂದರು. ಯೋಗರಾಜನ ಕ್ಯಾಬಿನ್ನಿನಲ್ಲಿ ಕಾಫಿ ಕುಡಿಯುತ್ತ ಹೋಟೆಲಿನ ಕತೆಯನ್ನು ಅವರೇ ರಸವತ್ತಾಗಿ ಹೇಳಿದರು. ಯೋಗರಾಜ್ ತೊಡೆ ತಟ್ಟಿ ನಕ್ಕ. "ನಾನು ಹೇಳಿರ್ಲಿಲ್ವಾ ಚಂದ್ರಹಾಸ? ಕೈ ಸಡಿಲ ಬಿಟ್ರೆ ಈ ಜನ ಹಿಂಗೇನೆ." ಚಂದ್ರಹಾಸನೂ ನಕ್ಕ. ನಗುವಾಗ ತುಪ್ಪದ ಒಂದು ತೇಗು ಬಂದು, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಹೋಗಿ, ಮರಳಿನ ಗುಡ್ಡೆಯ ಹಿಂದೆ ಬಗ್ಗಿ ನಿಂತ. ವಾಂತಿಯೂ ಆಗಲಿಲ್ಲ. ಅದಾದರೂ ಆಗಿದ್ದರೆ ಹಗುರವಾಗುತ್ತಿತ್ತು. ಕೆಲಸದವರು ನೋಡುತ್ತಿದ್ದಾರೆಂದು ಗೊತ್ತಾಗಿ, ಮರಳನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವವನ ಹಾಗೆ ನಟಿಸಿದ. ಬದುಕೆಲ್ಲ ಹೀಗೆಯೇ ಆಯಿತು ಎನಿಸಿತು. ಯಾರಾದರೂ ನೋಡುತ್ತಾರೆಂದು ಟಿಪ್ಸು, ಯಾರಾದರೂ ನೋಡುತ್ತಾರೆಂದು ಸುಳ್ಳು, ಈಗ ಮರಳು. ಮೈತ್ರಿಗೆ ಫೋನು ಮಾಡಿ ಹೇಳಿಬಿಡಲೇ ಎಂದುಕೊಂಡ. ಅವಳು ಏನನ್ನುತ್ತಾಳೆಂದು ಗೊತ್ತಿತ್ತು: ಏನೂ ಅನ್ನುವುದಿಲ್ಲ. ಅವನು ತಪ್ಪಿಸಿಕೊಳ್ಳಲು ಬಯಸಿದ್ದು ಅದರಿಂದಲೇ.

ಸಂಜೆ ವಿಶ್ವಾರಾಧ್ಯರನ್ನು ಬೀಳ್ಕೊಟ್ಟ ಮೇಲೆ ಅವನ ಸ್ಕೂಟರು ಮನೆಯ ಕಡೆ ತಿರುಗದೆ ಭದ್ರಾವತಿಯ ಕಡೆ ತಿರುಗಿತು. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡ. ಧರ್ಮೇಂದ್ರನ ಗಲ್ಲಾದ ಮುಂದೆ ನಿಂತು, ಕೈ ಮುಗಿಯದೆ, ಜೋರಾಗಿಯೂ ಅಲ್ಲದೆ, ಆ ಊಟ ನಾನೇ ಹಾಕಿಸಿದ್ದು ಎಂದು ಹೇಳುವುದು. ಅಷ್ಟೇ. ಯೋಗರಾಜನಿಗೆ ಗೊತ್ತಾದರೆ ಆಗಲಿ. ಎದುರಿನಿಂದ ಬರುತ್ತಿದ್ದ ಲಾರಿಗಳ ಧೂಳಿನಲ್ಲಿ ಆ ಮಾತನ್ನು ಬಾಯಿಬಿಟ್ಟು ಎರಡು ಮೂರು ಸಲ ಹೇಳಿಯೂ ನೋಡಿದ. ಚೆನ್ನಾಗಿಯೇ ಕೇಳಿಸಿತು. ತಾನು ಅಂಥ ಕೆಟ್ಟವನಲ್ಲ ಎನಿಸಿ ಸ್ಕೂಟರಿನ ವೇಗ ಹೆಚ್ಚಾಯಿತು.

ಹೂವಪ್ಪ ಹೋಟೆಲಿನ ಪಕ್ಕದ ಗಲ್ಲಿಯಲ್ಲಿ, ಗ್ಯಾಸ್ ಸಿಲಿಂಡರುಗಳನ್ನು ಇಡುವ ಜಾಗದಲ್ಲಿ ಕೂತಿದ್ದ. ಸೊಂಟದಲ್ಲಿ ಆ ಒದ್ದೆ ಬಟ್ಟೆ ಇರಲಿಲ್ಲ. ಅದಿಲ್ಲದೆ ಅವನು ಬೇರೆ ಯಾರೋ, ಯಾರದೋ ಮನೆಯ ಯಜಮಾನ ಎನ್ನುವ ಹಾಗೆ ಕಂಡ. ಪಕ್ಕದಲ್ಲಿ ಒಂದು ಬಟ್ಟೆಯ ಚೀಲ. ಸ್ಕೂಟರು ನಿಂತಾಗ ಅಭ್ಯಾಸಬಲದಿಂದ ಎದ್ದು ನಿಂತ; ಎದ್ದದ್ದಕ್ಕೆ ತಾನೇ ಬೇಸರಪಟ್ಟವನ ಹಾಗೆ ಮತ್ತೆ ಕೂತ.

"ಬಂದ್ರಾ ಸಾರ್" ಎಂದ.

"ಹೂವಪ್ಪ, ನಂಗೆ... ಆ ಮನುಷ್ಯ ಎದುರಿಗಿದ್ದ. ನಿಂಗೆ ಅರ್ಥ ಆಗುತ್ತೆ."

"ಆಗುತ್ತೆ ಸಾರ್. ದೊಡ್ಡೋರನ್ನ ಕರ್ಕೊಂಡು ಬಂದಾಗ ಹಿಂಗೆಲ್ಲ ಆಗುತ್ತೆ. ನಾನೂ ನಿಮ್ಮ ಹೆಸರು ಎತ್ಲಿಲ್ಲ. ಆ ಡ್ರೈವರ್ ಹುಡುಗನ್ನ ಮಾತ್ರ ಎಳೆದುಬಿಟ್ಟೆ, ಅದು ಬೇಜಾರು." ಮತ್ತೆ ಎದ್ದು ಹತ್ತಿರ ಬಂದ. ಈಗ ಸೋಪಿನ ವಾಸನೆಯಿರಲಿಲ್ಲ, ಬರೀ ಬೆವರು. "ಕೆಲಸ ಹೋದ್ರೆ ಹೋಗ್ಲಿ ಅನ್ನಬೋದಿತ್ತು. ಕಳ್ಳ ಅಂತ ಕಳಿಸ್ತಿದ್ದಾನೆ ಧರ್ಮೇಂದ್ರ. ಈ ಊರಲ್ಲಿ ಇರೋ ಹೋಟ್ಲಿಗೆಲ್ಲ ಅವನೇ ಫೋನ್ ಮಾಡಿ ಹೇಳ್ತಾನೆ, ಹೇಳಿಯೂ ಆಯ್ತು ಒಂದೆರಡು ಕಡೆ. ಈ ವಯಸ್ಸಲ್ಲಿ ನಂಗೆ ಬೇರೆ ಏನ್ ಬರುತ್ತೆ ಸಾರ್, ಬಡಿಸೋದೊಂದು ಬಿಟ್ಟು? ಈಗ ಆ ಸಾಹೇಬ್ರಿಲ್ಲ. ಧರ್ಮೇಂದ್ರ ಒಳಗೇ ಇದ್ದಾನೆ. ಒಂದ್ ನಿಮಿಷ ಬಂದು, ಊಟ ಹಾಕು ಅಂದೋನು ನಾನೇ ಅಂತ ಹೇಳಿಬಿಡಿ. ಅಷ್ಟ್ ಸಾಕು."

ಅದೇ ಮಾತು. ದಾರಿಯುದ್ದಕ್ಕೂ ಹೇಳಿ ನೋಡಿದ ಅದೇ ಮಾತು. ಗಲ್ಲಿಯ ತುದಿಯಿಂದ ಹೋಟೆಲಿನ ಗಾಜಿನ ಬಾಗಿಲು ಕಾಣುತ್ತಿತ್ತು. ಅದರಾಚೆ ಗಲ್ಲಾದಲ್ಲಿ ಧರ್ಮೇಂದ್ರ, ಅವನೆದುರು ಪರಿಚಯದ ಯಾರೋ ಇಬ್ಬರು, ಮಾಚೇನಹಳ್ಳಿಯ ಕಡೆಯವರೇ, ನಗುತ್ತ ನಿಂತಿದ್ದರು. ಅವರು ನಾಳೆ ಯೋಗರಾಜನ ಜೊತೆ ಕಾಫಿ ಕುಡಿಯುವವರು. ಚಂದ್ರಹಾಸನ ಕಾಲು ಒಂದು ಹೆಜ್ಜೆ ಇಟ್ಟಿತು. ನಿಂತಿತು. ಹೂವಪ್ಪ ಮುಂದೆ ಹೊರಟವನು ತಿರುಗಿ ನೋಡಿದ, ಬನ್ನಿ ಸಾರ್ ಎಂದು ಬಾಗಿಲ ಕಡೆ ಕೈ ತೋರಿಸಿದ.

"ಇವತ್ತು ಬೇಡ. ಜನ ಇದ್ದಾರೆ. ನಾನು ಫೋನ್ ಮಾಡಿ ಹೇಳ್ತೀನಿ ಅವನಿಗೆ" ಎಂದ ಚಂದ್ರಹಾಸ. ಹೇಳುವಾಗಲೇ ಅವನ ಕೈ ಪರ್ಸನ್ನು ತೆಗೆದಿತ್ತು. ಅದರೊಳಗೆ ಇದ್ದದ್ದು ಐನೂರರ ಒಂದೇ ನೋಟು. ಅದನ್ನು ನಾಲ್ಕು ಮಡಿಕೆ ಮಾಡಿ, ಯಾರಿಗೂ ಕಾಣದ ಹಾಗೆ ಅಂಗೈಯಲ್ಲಿಟ್ಟು ಚಾಚಿದ. "ಇದನ್ನ ಇಟ್ಕೋ. ಮನೆಗೆ."

ಹೂವಪ್ಪ ಆ ಕೈಯನ್ನು ನೋಡುತ್ತ ನಿಂತ. ಬೇಡವೆನ್ನುತ್ತಾನೆ, ಮುಖದ ಮೇಲೆ ಎಸೆಯುತ್ತಾನೆ ಎಂದು ಚಂದ್ರಹಾಸನಿಗೆ ಅನಿಸಿತು; ಎಸೆದರೆ ಒಳ್ಳೆಯದು, ತಾನೂ ಕೂಗಾಡಬಹುದು, ಇಬ್ಬರಿಗೂ ಮುಗಿಯುತ್ತದೆ. ಹೂವಪ್ಪ ಎಸೆಯಲಿಲ್ಲ. ನೋಟನ್ನು ತೆಗೆದುಕೊಂಡು, ಬಿಡಿಸಿ ನೋಡದೆ ಅಂಗಿಯ ಜೇಬಿಗೆ ಹಾಕಿಕೊಂಡ. "ಆಯ್ತು ಸಾರ್" ಎಂದ. ಚಂದ್ರಹಾಸ ಸ್ಕೂಟರಿನ ಕೀಲಿ ತಿರುಗಿಸಿದ. ಹೊರಡಬಹುದಿತ್ತು. ಪೆಟ್ರೋಲಿನ ಮುಳ್ಳು ಕೆಳಗಿತ್ತು, ಮೈತ್ರಿ ಹಾಲು ತರಲು ಹೇಳಿದ್ದಳು. ಆಗ ಅವನ ಬಾಯಿಂದ ಒಂದು ಮಾತು ಬಂತು, ಅವನನ್ನು ಕೇಳದೆಯೇ, ತೀರ ಸಹಜವಾಗಿ.

"ಚಿಲ್ಲರೆ ಇದ್ಯಾ? ಇನ್ನೂರು ಇಟ್ಕೊಂಡು ಉಳಿದಿದ್ದು ಕೊಡು."

ಹೂವಪ್ಪನ ಮುಖದಲ್ಲಿ ಏನೂ ಆಗಲಿಲ್ಲ. ಕೈ ಮಾತ್ರ ತಾನೇ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು, ಇಷ್ಟು ವರ್ಷ ಗಿರಾಕಿಗಳು ಕೇಳಿದಾಗಲೆಲ್ಲ ಹೋದ ಹಾಗೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ತೆಗೆದು, ಬೆರಳಿಗೆ ಎಂಜಲು ಹಚ್ಚಿ ಒಂದೊಂದಾಗಿ ಎಣಿಸಿ ಚಂದ್ರಹಾಸನ ಅಂಗೈಯಲ್ಲಿಟ್ಟ. ಚಂದ್ರಹಾಸ ಅವನ್ನು ಬೀದಿದೀಪದ ಕಡೆ ತಿರುಗಿಸಿ ಎಣಿಸಿದ. ಐವತ್ತರ ಒಂದು ನೋಟು ಅಂಚಿನಲ್ಲಿ ಹರಿದಿತ್ತು. ಅದನ್ನು ಎಳೆದು ಹೂವಪ್ಪನ ಮುಂದೆ ಹಿಡಿದ.

"ಇದು ನಡೆಯಲ್ಲ, ಬೇರೆ ಕೊಡು."

ಹೂವಪ್ಪ ಅದನ್ನು ವಾಪಸು ತೆಗೆದುಕೊಂಡು ಬೇರೆ ನೋಟು ಕೊಟ್ಟ.